ಕ್ಯಾರಿ ಪಿಸ್ತೂಲಿಗೆ ಅಲಾಯ್ ಫ್ರೇಮಾ, ಸ್ಟೀಲ್ ಫ್ರೇಮಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇರೋದು ಟೆಕ್ಸಸ್‌ನಲ್ಲಿ, ಹೂಸ್ಟನ್ ಪಕ್ಕ. ಊರು ತೀರ್ಥಹಳ್ಳಿ ಕಡೆ. ಇಲ್ಲಿ ಗ್ರೀನ್ ಕಾರ್ಡ್, ಸಿಟಿಜನ್‌ಶಿಪ್ ಆದ್ಮೇಲೆ ಪಿಸ್ತೂಲ್ ತಗೊಂಡ, ಇಲ್ಲಾ ತಗೋಬೇಕು ಅಂತಿರೋ ಕನ್ನಡದವರು ಸುಮಾರು ಜನ ಇದ್ದಾರೆ, ಹಬ್ಬಕ್ಕೋ ಮಕ್ಕಳ ಬರ್ತ್‌ಡೇಗೋ ಸೇರಿದಾಗ ಒಬ್ಬರಲ್ಲ ಒಬ್ಬರು ನನ್ನನ್ನ ಪಕ್ಕಕ್ಕೆ ಕರ್ಕೊಂಡು ಹೋಗಿ ಇದೇ ಕೇಳ್ತಾರೆ, ದಿನಾ ಮೈಮೇಲೆ ಇಟ್ಕೊಂಡು ಓಡಾಡೋ (ಕ್ಯಾರಿ) ಗನ್ನಿನ ಫ್ರೇಮು, ಅಂದ್ರೆ ಹಿಡಿ, ಟ್ರಿಗರ್ ಇರೋ ಮೈ, ಸ್ಟೀಲ್ ತಗೊಳ್ಳಲಾ ಅಲಾಯ್ ತಗೊಳ್ಳಲಾ ಅಂತ. ಹಾಗಾಗಿ ಎಲ್ಲಾ ಒಂದೇ ಕಡೆ ಬರೆದಿಟ್ಟಿದ್ದೀನಿ.

ಒಂದೇ ಮಾತಲ್ಲಿ ಹೇಳಿ, ಯಾವುದು ತಗೊಳ್ಳಲಿ?

ಗನ್ ದೊಡ್ಡದಾದ್ರೆ ಅಲಾಯ್, ಚಿಕ್ಕದಾದ್ರೆ ಸ್ಟೀಲ್. ಬಹಳ ಜನ ಇದನ್ನ ಉಲ್ಟಾ ಮಾಡ್ತಾರೆ, ದೊಡ್ಡ ಗನ್ನು ಗಟ್ಟಿಯಾಗಿರಲಿ ಅಂತ ಸ್ಟೀಲ್ ತಗೋತಾರೆ, ಚಿಕ್ಕದು ಹೇಗೂ ಜೇಬಿಗೆ ತಾನೇ ಅಂತ ಇರೋದ್ರಲ್ಲೇ ಹಗುರದ್ದು ತಗೋತಾರೆ. ಕೊನೆಗೆ ದೊಡ್ಡದು ಭಾರ ಅಂತ ಮನೇಲಿ ಉಳಿಯುತ್ತೆ, ಚಿಕ್ಕದು ಕೈ ನೋಯುತ್ತೆ ಅಂತ ಪ್ರಾಕ್ಟೀಸ್ ನಿಲ್ಲುತ್ತೆ. ನಾನು ಎರಡನ್ನೂ ಮಾಡಿ ದುಡ್ಡು ಕಳ್ಕೊಂಡಿದ್ದೀನಿ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು. ಯಾಕೆ ಹೀಗೆ ಅನ್ನೋದು ಮುಂದೆ ಇದೆ.

ಅಲಾಯ್ ಅಂದ್ರೆ ನಿಜವಾಗಿ ಏನು? ಸ್ಟೀಲೂ ಅಲಾಯೇ ಅಲ್ವಾ?

ಹೌದು, ಸ್ಟೀಲೂ ಮಿಶ್ರಲೋಹವೇ, ಕಬ್ಬಿಣಕ್ಕೆ ಕಾರ್ಬನ್ ಮತ್ತೆ ಬೇರೆ ಬೇರೆ ಲೋಹ ಸೇರಿಸಿದ್ದು. ಆದ್ರೆ ಗನ್ ಅಂಗಡೀಲಿ ಅಲಾಯ್ ಫ್ರೇಮ್ ಅಂದ್ರೆ ಅಲ್ಯೂಮಿನಿಯಂ ಅಲಾಯ್ ಅಂತಲೇ ಅರ್ಥ. ಒಳ್ಳೇ ಕಂಪನಿಗಳು ಬಳಸೋದು ಹೆಚ್ಚಾಗಿ 7075 ಅನ್ನೋ ದರ್ಜೆ, ಸತು ಸೇರಿಸಿ ಹೀಟ್ ಟ್ರೀಟ್ ಮಾಡಿದ್ದು, ವಿಮಾನಗಳಲ್ಲಿ ಹಾಕೋ ಮಾಲು. ಅಮ್ಮನ ಮನೆಯ ಅಲ್ಯೂಮಿನಿಯಂ ಪಾತ್ರೆ ಹೆಬ್ಬೆರಳಲ್ಲಿ ಒತ್ತಿದ್ರೂ ತಗ್ಗು ಬೀಳ್ತಿತ್ತಲ್ಲ, ಅದನ್ನ ನೆನೆಸ್ಕೊಂಡು ಇದನ್ನ ಅಳೀಬೇಡಿ.

ಸ್ಮಿತ್ ಅಂಡ್ ವೆಸನ್‌ನವರು ಸ್ಕ್ಯಾಂಡಿಯಂ ಫ್ರೇಮ್ ಅಂತ ಮಾರ್ತಾರಲ್ಲ, ಅದೂ ಅಲ್ಯೂಮಿನಿಯಮ್ಮೇ, ಸ್ಕ್ಯಾಂಡಿಯಂ ಅದ್ರಲ್ಲಿ ಒಂದು ಚೂರು ಮಾತ್ರ.

ಒಂದು ಎಚ್ಚರಿಕೆ. ತೀರಾ ಅಗ್ಗದ ಕೆಲವು ಪಿಸ್ತೂಲುಗಳಲ್ಲಿ ಫ್ರೇಮು, ಕೆಲವೊಮ್ಮೆ ಸ್ಲೈಡೂ (ಹೊಡೆದಾಗ ಹಿಂದೆ ಮುಂದೆ ಸರಿಯೋ ಮೇಲ್ಭಾಗ) ಸಹ, ಸತುವಿನ ಎರಕ. ಅದನ್ನೂ ಅಲಾಯ್ ಅಂತಲೇ ಮಾರ್ತಾರೆ. ಸತು ಹಗುರವೂ ಅಲ್ಲ, 7075 ತರ ಗಟ್ಟಿಯೂ ಅಲ್ಲ. ಯಾವ ಅಲಾಯ್ ಅಂತ ಕೇಳಿ, ಅಂಗಡಿಯವರು ಹಾರಿಕೆ ಉತ್ತರ ಕೊಟ್ರೆ ವಾಪಸ್ ಬನ್ನಿ.

ತೂಕದಲ್ಲಿ ನಿಜವಾಗಿ ಎಷ್ಟು ವ್ಯತ್ಯಾಸ?

ಅಲ್ಯೂಮಿನಿಯಂ ಅಲಾಯ್ ಸ್ಟೀಲಿನ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ತೂಗುತ್ತೆ, ಒಂದು ಘನ ಸೆಂಟಿಮೀಟರಿಗೆ 2.8 ಗ್ರಾಂ, ಸ್ಟೀಲ್ 7.85. ಇದನ್ನ ಕೇಳಿದವರು ಗನ್ನಿನ ತೂಕವೂ ಮೂರನೇ ಒಂದು ಪಾಲಾಗುತ್ತೆ ಅನ್ಕೋತಾರೆ, ಹಾಗಾಗಲ್ಲ, ಯಾಕಂದ್ರೆ ಬ್ಯಾರಲ್ಲು, ಸ್ಲೈಡು, ಸ್ಪ್ರಿಂಗು ಎಲ್ಲಾ ಸ್ಟೀಲೇ ಇರುತ್ತೆ, ಕಮ್ಮಿ ಆಗೋದು ಫ್ರೇಮಿಂದು ಒಂದೇ. ಒಂದೇ ಸೈಜಿನ ಎರಡು ಗನ್ ಹೋಲಿಸಿದ್ರೆ ಸಾಮಾನ್ಯವಾಗಿ ನೂರಿಪ್ಪತ್ತರಿಂದ ಇನ್ನೂರೈವತ್ತು ಗ್ರಾಂ ಇಳಿಯುತ್ತೆ.

ಕಣ್ಣಿಗೆ ಕಟ್ಟೋ ಹಾಗೆ ಹೇಳ್ಬೇಕಂದ್ರೆ ಝೆಕ್ ದೇಶದ ಸಿಝಡ್ 75, ಫುಲ್ ಸೈಜ್ ಸ್ಟೀಲು, 1 ಕೆಜಿ. ಅದೇ ಮನೆತನದ ಕಾಂಪ್ಯಾಕ್ಟ್ ಸ್ಟೀಲಲ್ಲಿ ಸುಮಾರು 920 ಗ್ರಾಂ, ಅಲಾಯ್ ಫ್ರೇಮಿನ ಪಿ-01 ಸುಮಾರು 800. ಸಿಗ್ ಪಿ226 ಅಲಾಯ್ ಫ್ರೇಮಲ್ಲಿ 960 ಹತ್ರ, ಸ್ಟೇನ್‌ಲೆಸ್ ಫ್ರೇಮಲ್ಲಿ 1200 ಹತ್ರ. ಕೋಲ್ಟ್ ಕಂಪನಿಯ ಹಳೇ ಪಿಸ್ತೂಲು 1911, ಅದರ ಕೊಂಚ ಗಿಡ್ಡ ಕಮಾಂಡರ್ ಸೈಜು ಸ್ಟೀಲಲ್ಲಿ ಒಂದು ಕೆಜಿ ಆಸುಪಾಸು, ಅಲಾಯಲ್ಲಿ ಎಂಟುನೂರರ ಆಸುಪಾಸು.

ಇದರ ಮೇಲೆ ಗುಂಡಿನ ತೂಕ. 124 ಗ್ರೇನಿನ (ಗ್ರೇನ್ ಅಂದ್ರೆ ಗುಂಡಿನ ತಲೆಯ ತೂಕ ಅಳೆಯೋ ಸಣ್ಣ ಮಾಪು) 9 ಎಂಎಂ ಒಂದಕ್ಕೆ ಹನ್ನೆರಡು ಗ್ರಾಂ ಹತ್ರ, ಹದಿನೈದು ತುಂಬಿದ್ರೆ 180 ಗ್ರಾಂ. ಅಂದ್ರೆ ಅಲಾಯ್ ಫ್ರೇಮಿಂದ ಉಳಿಸಿದ ತೂಕ ಹೆಚ್ಚೂಕಮ್ಮಿ ಒಂದು ಮ್ಯಾಗಜಿನ್ ಗುಂಡಿನಷ್ಟು.

ಇನ್ನೂರು ಗ್ರಾಂ ಅಂದ್ರೆ ಒಂದು ಸಣ್ಣ ಮೊಬೈಲಿನಷ್ಟು. ಅದಕ್ಕೆ ಯಾಕೆ ಇಷ್ಟು ತಲೆ ಕೆಡಿಸ್ಕೋಬೇಕು?

ಅಂಗಡೀಲಿ ಕೈಲಿ ಹಿಡಿದಾಗ ನನಗೂ ಹೀಗೇ ಅನ್ಸಿತ್ತು. ನಮ್ಮ ಕಡೆ ಅಡಿಕೆ ಕೊಯ್ಯೋ ದೋಟಿ ನೋಡಿರೋರಿಗೆ ಹೇಳೋದೇ ಬೇಡ, ಬೆಳಗ್ಗೆ ಎತ್ತಿದಾಗ ಎಲ್ಲಾ ದೋಟಿನೂ ಒಂದೇ, ಸಾಯಂಕಾಲ ನಾಲ್ಕು ಗಂಟೆಗೆ ಅರ್ಧ ಕೆಜಿ ಎಷ್ಟು ಅಂತ ತೋಳಿಗೆ ಗೊತ್ತಾಗುತ್ತೆ. ಸೊಂಟದ್ದೂ ಅದೇ ಕಥೆ.

ನಾನು ಮೊದಲು ತಗೊಂಡಿದ್ದು ಕಮಾಂಡರ್ ಸೈಜಿನ ಸ್ಟೀಲ್ 1911. ರೇಂಜಲ್ಲಿ, ಅಂದ್ರೆ ಗುಂಡು ಹೊಡೆದು ಪ್ರಾಕ್ಟೀಸ್ ಮಾಡೋ ಜಾಗದಲ್ಲಿ, ಅದರಷ್ಟು ಚೆನ್ನಾಗಿ ಹೊಡೆಯೋದು ಇನ್ನೊಂದಿಲ್ಲ, ಕೈಯಲ್ಲಿ ಬಂಡೆ ತರ ಕೂರುತ್ತೆ. ಆದ್ರೆ ದಿನಾ ಹತ್ತು ಗಂಟೆ ಹಾಕ್ಕೊಂಡು ಕಾರಲ್ಲಿ ಕೂತು, ಆಫೀಸಲ್ಲಿ ಎದ್ದು ಕೂತು, ಅಂಗಡಿಗೆ ಹೋಗಿ ಬಂದು ಮಾಡಿದಾಗ ಬಲಗಡೆ ಸೊಂಟದ ಮೂಳೆ ಹತ್ರ ನೋವು ಶುರುವಾಯ್ತು, ಪ್ಯಾಂಟು ಒಂದು ಕಡೆ ಜಾರ್ತಿತ್ತು, ಮೂರನೇ ವಾರಕ್ಕೆ "ಇವತ್ತು ಹಾಲು ತರಕ್ಕೆ ತಾನೇ ಹೋಗ್ತಿರೋದು" ಅಂತ ಲಾಕ್‌ಬಾಕ್ಸಲ್ಲೇ ಬಿಟ್ಟು ಹೋಗೋಕೆ ಶುರು ಮಾಡ್ದೆ. ಎರಡು ತಿಂಗಳಿಗೆ ಅದು ಕ್ಯಾರಿ ಗನ್ ಆಗಿ ಉಳೀಲೇ ಇಲ್ಲ.

ಹಾಗಾದ್ರೆ ಹಗುರ ಆದಷ್ಟೂ ಒಳ್ಳೇದು ಅಂತನಾ?

ಅಲ್ಲ. ಗುಂಡು ಮುಂದೆ ಹೋಗೋ ವೇಗಕ್ಕೆ ತಕ್ಕ ಹಾಗೆ ಗನ್ನು ಹಿಂದಕ್ಕೆ ಒದೆಯುತ್ತೆ. ಗುಂಡು ಅದೇ, ಮದ್ದು ಅದೇ ಆದ್ರೆ ಒಟ್ಟು ತಳ್ಳು ಅಷ್ಟೇ ಇರುತ್ತೆ, ಆದ್ರೆ ಗನ್ ಹಗುರ ಆದಷ್ಟೂ ಜೋರಾಗಿ ಹಿಂದೆ ಬರುತ್ತೆ, ಒದೆತದ ಶಕ್ತಿ ತೂಕ ಇಳಿದ ಪ್ರಮಾಣಕ್ಕೇ ಏರುತ್ತೆ. ಒಂದು ಕೆಜಿ ಗನ್ನನ್ನ 800 ಗ್ರಾಂ ಮಾಡಿದ್ರೆ ಒದೆತ ನಾಲ್ಕನೇ ಒಂದು ಭಾಗ ಹೆಚ್ಚು. ಇದು ತಡ್ಕೋಬಹುದು, ಎರಡು ಮೂರು ಸಲ ರೇಂಜಿಗೆ ಹೋದ್ರೆ ಕೈ ಹೊಂದ್ಕೊಳ್ಳುತ್ತೆ.

ಈಗ ಐದು ಗುಂಡಿನ ಚಿಕ್ಕ ರಿವಾಲ್ವರ್ ತಗೊಳ್ಳಿ. ಸ್ಮಿತ್ ಅಂಡ್ ವೆಸನ್ 640, ಪೂರ್ತಿ ಸ್ಟೀಲು, 630 ಗ್ರಾಂ ಹತ್ರ. ಅದೇ ಆಕಾರದ ಅಲಾಯ್ ಫ್ರೇಮಿನ 642 ಸುಮಾರು 410. ಇಳಿದಿದ್ದು ಅದೇ ಇನ್ನೂರು ಚಿಲ್ಲರೆ ಗ್ರಾಂ, ಆದ್ರೆ ಒದೆತ ಒಂದೂವರೆ ಪಟ್ಟು ಆಗುತ್ತೆ. ಸ್ಕ್ಯಾಂಡಿಯಂ ಫ್ರೇಮಿನ 340ಪಿಡಿ ಅಂತೂ 340 ಗ್ರಾಂ ಕೂಡ ಇಲ್ಲ, ಅದರಲ್ಲಿ .357 ಮ್ಯಾಗ್ನಂ ಅನ್ನೋ ಜೋರು ಗುಂಡು ಹೊಡೆದವರು ಎರಡನೇ ಗುಂಡಿಗೆ ಯೋಚನೆ ಮಾಡ್ತಾರೆ. ಅದಕ್ಕೇ ನಾನು ಹೇಳೋದು, ದೊಡ್ಡ ಗನ್ನಲ್ಲಿ ಇನ್ನೂರು ಗ್ರಾಂ ಬಿಟ್ಟುಕೊಟ್ರೆ ಸೊಂಟಕ್ಕೆ ದೊಡ್ಡ ಲಾಭ ಕೈಗೆ ಸಣ್ಣ ನಷ್ಟ, ಚಿಕ್ಕ ಗನ್ನಲ್ಲಿ ಬಿಟ್ಟುಕೊಟ್ರೆ ಸೊಂಟಕ್ಕೆ ಸಣ್ಣ ಲಾಭ, ಯಾಕಂದ್ರೆ ಅದು ಮೊದಲೇ ಹಗುರ, ಕೈಗೆ ಮಾತ್ರ ದೊಡ್ಡ ನಷ್ಟ.

ನಾನು ಒಂದು ಅಂಥ ಅಲಾಯ್ ರಿವಾಲ್ವರ್ ಬೇಸಿಗೆಗೆ ಅಂತ ತಗೊಂಡಿದ್ದೆ. ಮೊದಲ ದಿನ ಐವತ್ತು ಗುಂಡು ಹೊಡೆದ ಮೇಲೆ ಹೆಬ್ಬೆರಳು ತೋರುಬೆರಳಿನ ಮಧ್ಯ ನೀಲಿಗಟ್ಟಿತ್ತು. ಮುಂದಿನ ಸಲ ಇಪ್ಪತ್ತು, ಆಮೇಲೆ ಹತ್ತು, ಆಮೇಲೆ ಒಂದು ವರ್ಷ ಅದನ್ನ ರೇಂಜಿಗೆ ತಗೊಂಡೇ ಹೋಗ್ಲಿಲ್ಲ, ಆದ್ರೂ ಜೇಬಲ್ಲಿ ಹಾಕ್ಕೊಂಡು ಓಡಾಡ್ತಿದ್ದೆ. ಅದು ತಪ್ಪು. ಪ್ರಾಕ್ಟೀಸ್ ಇಲ್ಲದ ಗನ್ ಜನರ ಮಧ್ಯೆ ಹಾಕ್ಕೊಂಡು ತಿರುಗೋದು ಸರಿಯಲ್ಲ ಅಂತ ಅನ್ಸಿ ಮಾರಿ, ಸ್ಟೀಲಿಂದು ತಗೊಂಡೆ. ಈಗ ತಿಂಗಳಿಗೊಂದು ಸಲ ಐವತ್ತು ಗುಂಡು ಆರಾಮಾಗಿ ಹೊಡೀತೀನಿ.

ಚಿಕ್ಕ ಸೆಮಿ ಆಟೋಗಳಲ್ಲೂ (ಸ್ಲೈಡು, ಮ್ಯಾಗಜಿನ್ ಇರೋ ಪಿಸ್ತೂಲುಗಳಲ್ಲೂ) ಇದೇ. ಸಿಗ್ ಪಿ938 ಅಲಾಯ್ ಫ್ರೇಮು, 450 ಗ್ರಾಂ ಚಿಲ್ಲರೆ. ಅದೇ ಗಾತ್ರದ ಹತ್ರ ಇರೋ ಕಾರ್ ಎಂಕೆ9 ಪೂರ್ತಿ ಸ್ಟೀಲು, ಆರುನೂರರ ಮೇಲೆ. ಜೇಬಲ್ಲಿ ಎಂಕೆ9 ಕಲ್ಲಿನ ತರ ಇರುತ್ತೆ ನಿಜ, ಆದ್ರೆ ಬೆಲ್ಟಲ್ಲಿ ಗೊತ್ತೇ ಆಗಲ್ಲ, ಹೊಡೆಯುವಾಗ ದೊಡ್ಡ ಗನ್ ತರ ನಡ್ಕೊಳ್ಳುತ್ತೆ.

ಜೇಬಲ್ಲೇ ಇಟ್ಕೋಬೇಕು ಅಂದ್ರೆ?

ಆಗ ಅಲಾಯ್ ಬಿಟ್ರೆ ದಾರಿ ಇಲ್ಲ, ಮೇಲೆ ಹೇಳಿದ ನಿಯಮಕ್ಕೆ ಇದೊಂದು ವಿನಾಯಿತಿ. ತೆಳು ಪ್ಯಾಂಟಿನ ಜೇಬಲ್ಲಿ 600 ಗ್ರಾಂ ಗಂಟೆ ಲೋಲಕದ ತರ ತೊಡೆಗೆ ಬಡೀತಿರುತ್ತೆ. ಆದ್ರೆ ಮ್ಯಾಗ್ನಂ ಆಸೆ ಬಿಟ್ಟು .38 ಸ್ಪೆಷಲ್‌ನಲ್ಲಿ ಮೆತ್ತನೆಯ ಲೋಡ್ (ಒದೆತ ಕಮ್ಮಿ ಇರೋ ಗುಂಡು) ಹಾಕಿ, ಸ್ವಲ್ಪ ದಪ್ಪ ರಬ್ಬರ್ ಗ್ರಿಪ್ ಹಾಕ್ಸಿ, ಟ್ರಿಗರ್ ಮುಚ್ಚೋ ಪಾಕೆಟ್ ಹೋಲ್ಸ್ಟರ್ (ಗನ್ನಿನ ಚೀಲ) ಇಲ್ಲದೆ ಯಾವತ್ತೂ ಇಡ್ಬೇಡಿ, ಆ ಜೇಬಲ್ಲಿ ಕೀ ಚಿಲ್ಲರೆ ಏನೂ ಇರಬಾರದು.

ತೀರಾ ಹಗುರದ ರಿವಾಲ್ವರಲ್ಲಿ ಇನ್ನೊಂದು ತೊಂದರೆ ಇದೆ. ಒದೆತದ ಜೋರಿಗೆ ಹೊಡೆಯದೇ ಉಳಿದ ಗುಂಡುಗಳ ತಲೆ ಕೇಸಿಂದ ನಿಧಾನಕ್ಕೆ ಹೊರಗೆ ಬರುತ್ತೆ, ಸಿಲಿಂಡರ್ (ಗುಂಡು ತುಂಬೋ, ತಿರುಗೋ ಭಾಗ) ಮುಂದೆ ಚಾಚ್ಕೊಂಡು ತಿರುಗದ ಹಾಗೆ ಸಿಕ್ಕಾಕೊಳ್ಳುತ್ತೆ. ಜಾಕೆಟ್ ಇಲ್ಲದ ಸೀಸದ ಗುಂಡಿಗೆ ಇದು ಹೆಚ್ಚು. 340ಪಿಡಿ ಬ್ಯಾರಲ್ ಮೇಲೆ 120 ಗ್ರೇನಿಗಿಂತ ಕಮ್ಮಿ ತೂಕದ ಗುಂಡು ಬೇಡ ಅಂತ ಬರೆದಿರ್ತಾರೆ, ಅದನ್ನ ಅಲಕ್ಷ್ಯ ಮಾಡ್ಬೇಡಿ. ನೀವು ಇಟ್ಕೊಳ್ಳೋ ಲೋಡಲ್ಲಿ ನಾಲ್ಕು ಹೊಡೆದು ಐದನೆಯದನ್ನ ತೆಗೆದು ಹೊಸ ಗುಂಡಿನ ಪಕ್ಕ ಇಟ್ಟು ಉದ್ದ ನೋಡಿ, ಗೊತ್ತಾಗುತ್ತೆ.

ಅಲ್ಯೂಮಿನಿಯಂ ಫ್ರೇಮ್ ಬಿರುಕು ಬಿಡುತ್ತೆ ಅಂತಾರೆ, ನಿಜಾನಾ?

ಬಿಡಬಹುದು, ಆದ್ರೆ ನೀವು ಹೆದರೋ ಹಾಗಲ್ಲ. ಸ್ಟೀಲಿಗೆ ಒಂದು ಮಿತಿ ಇದೆ, ಅದರ ಕೆಳಗಿನ ಹೊಡೆತ ಎಷ್ಟು ಲಕ್ಷ ಸಲ ಬಿದ್ರೂ ದಣಿಯಲ್ಲ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ, ಸಣ್ಣ ಹೊಡೆತವೂ ಒಳಗೊಳಗೇ ಜಮಾ ಆಗ್ತಾ ಹೋಗುತ್ತೆ, ಅಲ್ಯೂಮಿನಿಯಂ ತಂತಿ ಹಿಂದೆ ಮುಂದೆ ಬಗ್ಗಿಸಿದ್ರೆ ಪಟ್ ಅಂತ ತುಂಡಾಗುತ್ತಲ್ಲ ಹಾಗೆ. ಆದ್ರೆ ಆ ಜಮಾ ತುಂಬೋಕೆ ಎಷ್ಟು ಕಾಲ ಬೇಕು ಅನ್ನೋದು ಫ್ರೇಮಿನ ಡಿಸೈನ್ ಮೇಲೆ ನಿಂತಿರುತ್ತೆ.

ಇತಿಹಾಸ ನೋಡಿದ್ರೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಎರಡನೇ ಮಹಾಯುದ್ಧ ಆದ್ಮೇಲೆ ಅಮೆರಿಕದ ಸೇನೆ ಹಗುರ 9 ಎಂಎಂ ಪಿಸ್ತೂಲ್ ಬೇಕು, ಉದ್ದ 7 ಇಂಚು, ತೂಕ 25 ಔನ್ಸ್ ಮೀರಬಾರದು ಅಂತ ಕೇಳ್ತು, ಕೋಲ್ಟ್‌ನವರು ತಮ್ಮ 1911ನ್ನ ಚಿಕ್ಕದು ಮಾಡಿ ಅಲ್ಯೂಮಿನಿಯಂ ಫ್ರೇಮ್ ಹಾಕಿ ಕಮಾಂಡರ್ ಮಾಡಿದ್ರು. ಸೇನೆ ತಗೊಳ್ಲಿಲ್ಲ, ಜನ ತಗೊಂಡ್ರು. ಇಪ್ಪತ್ತು ವರ್ಷ ಮಾರಿದ ಮೇಲೆ 1970ರಲ್ಲಿ ಅದೇ ಗನ್ನನ್ನ ಸ್ಟೀಲ್ ಫ್ರೇಮಲ್ಲಿ ಕಾಂಬ್ಯಾಟ್ ಕಮಾಂಡರ್ ಅಂತ ತಂದ್ರು, ಹಳೇದು ಲೈಟ್‌ವೇಟ್ ಕಮಾಂಡರ್ ಆಯ್ತು. ಅಂದ್ರೆ ನಾವು ಇವತ್ತು ಕೇಳ್ತಿರೋ ಪ್ರಶ್ನೆಗೆ ಐವತ್ತು ವರ್ಷ ದಾಟಿದೆ.

ಜರ್ಮನಿಯದ್ದು ಇನ್ನೂ ಪಾಠ ಇರೋ ಕಥೆ. ಯುದ್ಧಕಾಲದ ವಾಲ್ಥರ್ ಪಿ38 ಸ್ಟೀಲ್ ಫ್ರೇಮು. 1957ರಲ್ಲಿ ಪಶ್ಚಿಮ ಜರ್ಮನಿ ಸೇನೆಗೆ ಮತ್ತೆ ಮಾಡೋಕೆ ಶುರು ಮಾಡಿದಾಗ ಅಲ್ಯೂಮಿನಿಯಂ ಫ್ರೇಮ್ ಹಾಕಿದ್ರು, 1963ರಿಂದ ಅದಕ್ಕೆ ಪಿ1 ಅಂತ ಹೆಸರು. ಬ್ಯಾರಲ್ಲು ಸ್ಲೈಡನ್ನ ಒಟ್ಟಿಗೆ ಹಿಡಿಯೋ ಲಾಕಿಂಗ್ ಬ್ಲಾಕಿನ ಹೊಡೆತ ಬೀಳೋ ಜಾಗದಲ್ಲಿ ಅಲ್ಯೂಮಿನಿಯಂ ಸವೀತಾ ಬಂತು, 1970ರ ದಶಕದಲ್ಲಿ ಅಲ್ಲಿ ಒಂದು ಆರು ಮೂಲೆಯ ಸ್ಟೀಲ್ ಪಿನ್ನು ಅಡ್ಡ ಹಾಕಿ ಬಲಪಡಿಸಿದ್ರು. ಇವತ್ತಿಗೂ ಹಳೇ ಪಿ1 ತಗೊಳ್ಳೋರು ಮೊದಲು ನೋಡೋದು ಆ ಪಿನ್ ಇದ್ಯಾ ಅಂತ. ಲೋಹ ಬದಲಾಯಿಸಿದ್ರೆ ಡಿಸೈನೂ ಬದಲಾಗ್ಬೇಕು ಅನ್ನೋದನ್ನ ಎಲ್ಲರೂ ಹೀಗೇ ಪೆಟ್ಟು ತಿಂದು ಕಲಿತಿದ್ದು.

ಇನ್ನು ಅತಿ ಮಾಡಿದ್ರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ವಾಯುಪಡೆಯ ಎಂ13 ರಿವಾಲ್ವರ್ ಇದೆ. 1950ರ ದಶಕದಲ್ಲಿ ವಿಮಾನ ಸಿಬ್ಬಂದಿಗೆ ಅಂತ ಫ್ರೇಮ್ ಜೊತೆ ಸಿಲಿಂಡರೂ ಅಲ್ಯೂಮಿನಿಯಂನಲ್ಲೇ ಮಾಡಿದ್ರು. ಗುಂಡು ಸಿಡಿಯೋ ಒತ್ತಡ ಸಿಲಿಂಡರ್ ತಡೀಲಿಲ್ಲ, 1959ರಲ್ಲಿ ವಾಪಸ್ ತರಿಸಿ ಬಹುಪಾಲನ್ನ ನಾಶ ಮಾಡಿದ್ರು. ಅದಕ್ಕೇ ಇವತ್ತಿಗೂ ಅಲಾಯ್ ಅನ್ನೋದು ಹೆಚ್ಚಾಗಿ ಫ್ರೇಮಿಗೆ ಮಾತ್ರ, ಒತ್ತಡ ಹೊರೋ ಭಾಗ ಸ್ಟೀಲು, ಇಲ್ಲಾ ಟೈಟೇನಿಯಂ.

ಸರಿಯಾಗಿ ಡಿಸೈನ್ ಮಾಡಿದ ಅಲಾಯ್ ಫ್ರೇಮ್ ಎಷ್ಟು ತಡೆಯುತ್ತೆ ಅನ್ನೋದಕ್ಕೆ ಬೆರೆಟ್ಟಾ 92 ಸಾಕು. 1985ರಲ್ಲಿ ಎಂ9 ಅಂತ ಅಮೆರಿಕದ ಸೇನೆಗೆ ಬಂದು ಮೂವತ್ತು ವರ್ಷಕ್ಕೂ ಹೆಚ್ಚು ಮರಳು, ಮಳೆ, ಒರಟು ಕೈ ಎಲ್ಲಾ ನೋಡಿತು, ಫ್ರೇಮ್ ಅಲ್ಯೂಮಿನಿಯಮ್ಮೇ.

ನಾನು ಎಷ್ಟು ಗುಂಡು ಹೊಡೆದ್ರೆ ಅಲಾಯ್ ಫ್ರೇಮ್ ಮುಗಿಯುತ್ತೆ?

ಲೆಕ್ಕ ಹೀಗೆ ಹಾಕಿ. 9 ಎಂಎಂ ಪ್ರಾಕ್ಟೀಸ್ ಗುಂಡು ಒಂದಕ್ಕೆ ಕಾಲು ಡಾಲರ್ ಅಂತ ಹಿಡಿದ್ರೂ ಹತ್ತು ಸಾವಿರಕ್ಕೆ ಎರಡೂವರೆ ಸಾವಿರ ಡಾಲರ್. ತಿಂಗಳಿಗೆ ನೂರು ಹೊಡೆಯೋರಿಗೆ ಹತ್ತು ಸಾವಿರ ಆಗೋಕೆ ಎಂಟು ವರ್ಷ ದಾಟುತ್ತೆ. ಒಳ್ಳೇ ಅಲಾಯ್ ಫ್ರೇಮು ಅಷ್ಟನ್ನ ಸುಲಭವಾಗಿ ನುಂಗುತ್ತೆ. ಫ್ರೇಮ್ ಸವೆಯೋ ಹೊತ್ತಿಗೆ ಗುಂಡಿಗೇ ನೀವು ಹಲವು ಗನ್ನಿನ ದುಡ್ಡು ಸುರಿದಿರ್ತೀರ. ವಾರವಾರ ಮ್ಯಾಚಿಗೆ ಹೋಗಿ ವರ್ಷಕ್ಕೆ ಹದಿನೈದು ಇಪ್ಪತ್ತು ಸಾವಿರ ಹೊಡೆಯೋರು ಬೇರೆ, ಅವರು ಸ್ಟೀಲೇ ತಗೊಳ್ಳಿ, ಅದಕ್ಕೇ ಸ್ಪರ್ಧೆಯ ಗನ್ನುಗಳು ಭಾರ ಇರೋದು, ಬೆರೆಟ್ಟಾದವರೇ 92ರ ಸ್ಪರ್ಧೆ ಮಾದರಿಗೆ ಸ್ಟೀಲ್ ಫ್ರೇಮ್ ಹಾಕಿ 1350 ಗ್ರಾಂ ಮಾಡಿದ್ದಾರೆ.

ಫ್ರೇಮ್ ಬಾಳಿಕೆ ನಿಮ್ಮ ಕೈಲೂ ಇದೆ. ರಿಕಾಯಿಲ್ ಸ್ಪ್ರಿಂಗ್, ಹಿಂದೆ ಬರೋ ಸ್ಲೈಡನ್ನ ತಡೆದು ಮುಂದೆ ತಳ್ಳೋದು, ಹತ್ತು ಹನ್ನೆರಡು ಡಾಲರಿನ ಮಾಲು. ಅದು ದಣಿದ ಮೇಲೆ ಸ್ಲೈಡು ಪ್ರತಿ ಸಲ ಫ್ರೇಮಿಗೆ ಬಂದು ಗುದ್ದುತ್ತೆ, ಸ್ಟೀಲಾದ್ರೆ ತಡ್ಕೊಳ್ಳುತ್ತೆ, ಅಲಾಯ್ ಕ್ಷಮಿಸಲ್ಲ. ಮ್ಯಾನುಯಲ್ಲಲ್ಲಿ ಎಷ್ಟಕ್ಕೆ ಬದಲಾಯಿಸಿ ಅಂತ ಇದ್ಯೋ ಅಷ್ಟಕ್ಕೆ ಬದಲಾಯಿಸಿ, ಗನ್ ಚಿಕ್ಕದಾದಷ್ಟೂ ಬೇಗ ಬದಲಾಯಿಸಬೇಕು. ಗೋಡೆ ಕ್ಯಾಲೆಂಡರಲ್ಲಿ ಬರೆದಿಟ್ಕೊಂಡ್ರೂ ಆಯ್ತು.

ಹೂಸ್ಟನ್ ಬೆವರಿಗೆ ಯಾವುದು ತಡೆಯುತ್ತೆ?

ಇಲ್ಲಿನ ಆಗಸ್ಟ್ ಅಂದ್ರೆ ಮಂಗಳೂರಿನ ಮೇ ತಿಂಗಳಿದ್ದ ಹಾಗೆ, ನಿಂತಲ್ಲೇ ಬೆವರು. ಅಲ್ಯೂಮಿನಿಯಂ ಕೆಂಪು ತುಕ್ಕು ಹಿಡಿಯಲ್ಲ, ಮೇಲೆ ಹಾರ್ಡ್ ಆನೊಡೈಸ್ (ಅಲ್ಯೂಮಿನಿಯಂ ಮೇಲೆ ವಿದ್ಯುತ್ತಿಂದ ಬೆಳೆಸೋ ಗಟ್ಟಿ) ಪದರ ಬೇರೆ ಇರುತ್ತೆ. ನನ್ನ ಬ್ಲೂಯಿಂಗ್ (ಸ್ಟೀಲಿಗೆ ಕೊಡೋ ಕಪ್ಪುನೀಲಿ ಲೇಪ) ಮಾಡಿದ ಸ್ಟೀಲ್ ಗನ್ನಿಗೆ ಮೈಗೆ ತಾಗೋ ಕಡೆ ಒಂದೇ ವಾರದಲ್ಲಿ ಕಿತ್ತಳೆ ಬಣ್ಣದ ಚುಕ್ಕೆ ಬಂದಿತ್ತು. ಸ್ಟೇನ್‌ಲೆಸ್ ಅಂದ್ರೂ ತುಕ್ಕೇ ಹಿಡಿಯಲ್ಲ ಅಂತಲ್ಲ, ನಿಧಾನಕ್ಕೆ ಹಿಡಿಯುತ್ತೆ ಅಷ್ಟೇ. ಆದ್ರೆ ಅಲಾಯ್ ಫ್ರೇಮ್ ಅಂತ ನಿಶ್ಚಿಂತೆಯಿಂದ ಕೂರೋ ಹಾಗಿಲ್ಲ, ಸ್ಲೈಡು ಬ್ಯಾರಲ್ಲು ಸ್ಕ್ರೂ ಎಲ್ಲಾ ಸ್ಟೀಲೇ ತಾನೇ. ರಾತ್ರಿ ತೆಗೆದಿಡುವಾಗ ಎಣ್ಣೆ ಬಟ್ಟೇಲಿ ಒಂದು ಸಲ ಒರೆಸಿ, ಚರ್ಮದ ಹೋಲ್ಸ್ಟರ್ ಒಳಗೇ ಬಿಟ್ಟು ಮಲಗಬೇಡಿ, ಚರ್ಮ ಬೆವರು ಹೀರ್ಕೊಂಡು ರಾತ್ರಿ ಇಡೀ ಲೋಹಕ್ಕೆ ಕೊಡ್ತಾ ಇರುತ್ತೆ.

ಅಲಾಯ್ ಫ್ರೇಮಿಗೆ ಏನು ಮಾಡಬಾರದು?

ಆನೊಡೈಸ್ ಪದರ ಬಹಳ ಗಟ್ಟಿ ಆದ್ರೆ ಬಹಳ ತೆಳು, ಅದು ಹೋದ್ರೆ ಕೆಳಗಿರೋದು ಅದಕ್ಕಿಂತ ಮೆತ್ತನೆ ಲೋಹ. ಹಾಗಾಗಿ ಫೀಡ್ ರ‍್ಯಾಂಪ್ (ಗುಂಡನ್ನ ಮ್ಯಾಗಜಿನ್ನಿಂದ ಬ್ಯಾರಲ್ಲಿಗೆ ಜಾರಿಸೋ ಇಳಿಜಾರು) ಹೊಳಪು ಬರಲಿ ಅಂತ ಡ್ರೆಮೆಲ್ (ಉಜ್ಜೋ ಸಣ್ಣ ಮಷಿನ್ನು) ಹಾಕೋ ಕೆಲಸ ಯಾವತ್ತೂ ಬೇಡ. 1911 ಮಾದರಿಯ ಅಲಾಯ್ ಗನ್ನುಗಳಲ್ಲಿ ರ‍್ಯಾಂಪು ಫ್ರೇಮಲ್ಲೇ ಇದ್ರೆ ಚೂಪು ಬಾಯಿಯ ಹಾಲೋ ಪಾಯಿಂಟ್ (ತುದೀಲಿ ಕುಳಿ ಇರೋ) ಗುಂಡು ಬಡಿದು ಬಡಿದು ಗುಳಿ ಬೀಳಿಸುತ್ತೆ, ಇದು ಹಳೇ ಲೈಟ್‌ವೇಟ್ ಕಮಾಂಡರಿನ ಕಾಲದಿಂದ ಗೊತ್ತಿರೋ ಕಾಯಿಲೆ. ರ‍್ಯಾಂಪು ಬ್ಯಾರಲ್ಲಿನ ಭಾಗವಾಗೇ ಇರೋ ಗನ್ ತಗೊಂಡ್ರೆ ಆ ಚಿಂತೆ ಇಲ್ಲ, 1911 ಅಲಾಯಲ್ಲಿ ತಗೊಳ್ಳೋರು ಇದೊಂದನ್ನ ಕೇಳ್ದೇ ತಗೋಬೇಡಿ.

ಗ್ರಿಪ್ ಸ್ಕ್ರೂ ಬಿಗಿ ಮಾಡುವಾಗ ಮಣಿಕಟ್ಟಿನ ಜೋರು ಬೇಡ, ಎರಡು ಬೆರಳಿನ ಜೋರು ಸಾಕು, ಥ್ರೆಡ್ ಕಿತ್ತು ಬರುತ್ತೆ. ಅಡುಗೆಮನೆ ಜಿಡ್ಡು ತೆಗೆಯೋ ಕ್ಷಾರದ ಕ್ಲೀನರ್ ಹಾಕ್ಬೇಡಿ, ಕ್ಷಾರ ಅಲ್ಯೂಮಿನಿಯಂ ತಿನ್ನುತ್ತೆ. ಸ್ಲೈಡ್ ಜಾರೋ ರೈಲಿಗೆ ಮಾತ್ರ ಜಿಪುಣತನ ಮಾಡದೆ ಎಣ್ಣೆ ಹಾಕಿ.

ಸೆಕೆಂಡ್ ಹ್ಯಾಂಡ್ ಅಲಾಯ್ ಗನ್ ತಗೊಳ್ಳುವಾಗ ಏನು ನೋಡ್ಬೇಕು?

ಖಾಲಿ ಇದ್ಯಾ ಅಂತ ಎರಡು ಸಲ ನೋಡಿ, ಅಂಗಡಿಯವರ ಪರ್ಮಿಷನ್ ತಗೊಂಡು ಸ್ಲೈಡ್ ತೆಗೆಸಿ. ರೈಲಿನ ಮೇಲೆ ಆನೊಡೈಸ್ ಹೋಗಿ ಬೆಳ್ಳಗೆ ಕಾಣೋದು ಸಾಮಾನ್ಯ, ಉಗುರು ಎಳೆದಾಗ ನುಣ್ಣಗಿದ್ರೆ ತೊಂದರೆ ಇಲ್ಲ, ಗೀರು ಗೀರಾಗಿ ಸಿಕ್ಕಿದ್ರೆ ಬಿಡಿ. ಸ್ಲೈಡ್ ಸ್ಟಾಪ್ ಪಿನ್ ತೂತಿನ ಸುತ್ತ, ಲಾಕಿಂಗ್ ಬ್ಲಾಕ್ ಕೂರೋ ಜಾಗ, ರೈಲಿನ ಮೂಲೆ, ಇಷ್ಟನ್ನ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿ, ಕೂದಲೆಳೆ ಬಿರುಕು ನೇರ ಬೆಳಕಲ್ಲಿ ಕಾಣಲ್ಲ. ರ‍್ಯಾಂಪಲ್ಲಿ ಗುಳಿ ಇದ್ರೆ ಬೆಲೆ ಇಳಿಸಿ ಅಂತ ಕೇಳೋದಲ್ಲ, ಬೇರೆ ಗನ್ ನೋಡೋದು.

ಹೆಂಡತಿಗೆ ಅಂತ ಹಗುರದ್ದು ತಗೊಳ್ಳೋಣ ಅಂತಿದ್ದೀನಿ, ಪರವಾಗಿಲ್ವಾ?

ದಯವಿಟ್ಟು ಬೇಡ. ಇಲ್ಲಿನ ಅಂಗಡಿಗಳಲ್ಲಿ ಹೆಂಗಸರು ಕಂಡ ತಕ್ಷಣ ಚಿಕ್ಕ ಅಲಾಯ್ ರಿವಾಲ್ವರ್ ಕೈಗೆ ಕೊಡೋ ಅಭ್ಯಾಸ ಇದೆ, ನೋಡೋಕೆ ಮುದ್ದಾಗಿದೆ ಅಂತ. ಹೊಸದಾಗಿ ಕಲಿಯೋರಿಗೆ ಅದು ಎಲ್ಲಕ್ಕಿಂತ ಕಷ್ಟದ ಗನ್ನು, ಟ್ರಿಗರ್ ಭಾರ, ಸೈಟ್ ಚಿಕ್ಕದು, ಒದೆತ ಜೋರು. ನನ್ನ ಮನೆಯವಳು ಮೊದಲ ಸಲ ಅಂಥದ್ದು ಹೊಡೆದು ಗನ್ ಟೇಬಲ್ ಮೇಲೆ ಇಟ್ಟು, ಇನ್ನು ನನ್ನನ್ನ ಇದಕ್ಕೆ ಕರೀಬೇಡಿ ಅಂದಿದ್ಲು. ಆರು ತಿಂಗಳಾದ್ಮೇಲೆ ಒಬ್ಬ ಒಳ್ಳೇ ಟ್ರೈನರ್ ಅವಳ ಕೈಗೆ 9 ಎಂಎಂ ಸ್ಟೀಲ್ ಕಾಂಪ್ಯಾಕ್ಟ್ ಕೊಟ್ರು, ಅವತ್ತು ನನಗಿಂತ ಚೆನ್ನಾಗಿ ಗುಂಪು ಕೂರಿಸಿದ್ಲು, ಅಂದ್ರೆ ಗುಂಡೆಲ್ಲಾ ಹತ್ತಿರ ಹತ್ತಿರ ಬಿದ್ವು. ಸ್ಲೈಡ್ ಎಳೆಯೋದು ಕಷ್ಟ ಅನ್ನೋದಕ್ಕೂ ಫ್ರೇಮಿಗೂ ಸಂಬಂಧ ಇಲ್ಲ, ಅದು ಸ್ಪ್ರಿಂಗಿನ ವಿಷಯ. ಯಾರು ಹಾಕ್ಕೊಳ್ತಾರೋ ಅವರೇ ಹೊಡೆದು ನೋಡಿ ಆರಿಸ್ಲಿ.

ಪಾಲಿಮರ್ (ಪ್ಲಾಸ್ಟಿಕ್) ಫ್ರೇಮ್ ಇರುವಾಗ ಇದೆಲ್ಲಾ ಯಾಕೆ?

ನ್ಯಾಯವಾದ ಪ್ರಶ್ನೆ. ಗ್ಲಾಕ್ 19 ಖಾಲಿ ಗನ್ನು 600 ಗ್ರಾಂ ಆಸುಪಾಸು, ಫ್ರೇಮಿಗೆ ತುಕ್ಕಿಲ್ಲ, ಬೆಲೆ ಕಮ್ಮಿ, ಕ್ಯಾರಿ ಮಾಡೋ ಬಹುಪಾಲು ಜನ ಅದನ್ನೋ ಅದರಂಥದ್ದನ್ನೋ ತಗೋತಾರೆ, ತಪ್ಪೇನಿಲ್ಲ. ಲೋಹದ ಫ್ರೇಮ್ ಬೇಕು ಅನ್ನೋರು ಹೆಚ್ಚಾಗಿ ಎರಡು ಕಾರಣಕ್ಕೆ ಬರ್ತಾರೆ, ಒಂದು ಗ್ರಿಪ್ ತೆಳ್ಳಗಿರುತ್ತೆ, ಚಿಕ್ಕ ಕೈಗೆ ಚೆನ್ನಾಗಿ ಕೂರುತ್ತೆ, ಇನ್ನೊಂದು ಹ್ಯಾಮರ್ (ಹಿಂದಿನ ಸುತ್ತಿಗೆ) ಇರೋ ಡಬಲ್ ಆಕ್ಷನ್ ಗನ್ನು, ಅಂದ್ರೆ ಟ್ರಿಗರ್ ಎಳೆದಾಗಲೇ ಹ್ಯಾಮರ್ ಹಿಂದೆ ಹೋಗಿ ಬೀಳೋದು, ಬೇಕು. ಹೋಲ್ಸ್ಟರಿಗೆ ಹಾಕುವಾಗ ಹ್ಯಾಮರ್ ಮೇಲೆ ಹೆಬ್ಬೆರಳು ಇಟ್ಟು ತಳ್ಳಿದ್ರೆ ಬಟ್ಟೆ ಟ್ರಿಗರಿಗೆ ಸಿಕ್ಕಿದ್ದೂ ಹೆಬ್ಬೆರಳಿಗೆ ಗೊತ್ತಾಗುತ್ತೆ, ನನಗೆ ಆ ಒಂದು ನೆಮ್ಮದಿಗೇ ಪಿ-01 ಇಷ್ಟ.

ಹೊಡೆದಾಗ ಅಲಾಯ್ ಗನ್ನಿನ ಮೂಗು (ಬ್ಯಾರಲ್ ತುದಿ) ಮೇಲೇಳುತ್ತೆ ಅಂತಾರಲ್ಲ?

ಸ್ವಲ್ಪ. ಕೆಳಗಿನ ತೂಕ ಕಮ್ಮಿ ಆದಾಗ ಸ್ಲೈಡಿಂದೇ ಮೇಲುಗೈ ಆಗುತ್ತೆ. ಮ್ಯಾಗಜಿನ್ ತುಂಬಿದ್ದಾಗ ಅಷ್ಟು ಗೊತ್ತಾಗಲ್ಲ.

ತೂಕಕ್ಕೆ ಬೇರೆ ಪರಿಹಾರ ಇಲ್ವಾ? ನನ್ನ ಹತ್ರ ಈಗಾಗಲೇ ಸ್ಟೀಲ್ ಇದೆ.

ಇದೆ, ಬೆಲ್ಟು. ಗನ್ನಿಗೆ ಸಾವಿರ ಡಾಲರ್ ಕೊಟ್ಟು ಹಬ್ಬಕ್ಕೆ ಊರಿಂದ ಬಂದ ತೆಳು ಬೆಲ್ಟಿಗೆ ನೇತು ಹಾಕಿದ್ರೆ ಯಾವ ಗನ್ನೂ ಭಾರವೇ. ಒಳಗೆ ಪಟ್ಟಿ ಹಾಕಿರೋ ಗಟ್ಟಿ ಗನ್ ಬೆಲ್ಟು ತೂಕವನ್ನ ಸೊಂಟದ ಸುತ್ತ ಹಂಚುತ್ತೆ. ಕೊಡವರ ಕುಪ್ಯ ಚೇಲೆ ನೋಡಿದ್ದೀರಲ್ಲ, ಪೀಚೆಕತ್ತಿ ಅಲುಗಾಡದೆ ನಿಲ್ಲೋದು ಆ ಚೇಲೆ ಸೊಂಟಕ್ಕೆ ಬಿಗಿಯಾಗಿ ಸುತ್ತಿರೋದ್ರಿಂದ. ಮೊದಲು ಬೆಲ್ಟಿಗೆ ಐವತ್ತರವತ್ತು ಡಾಲರ್ ಹಾಕಿ ಒಂದು ತಿಂಗಳು ನೋಡಿ, ಆಮೇಲೂ ನೋವಿದ್ರೆ ಗನ್ ಬದಲಾಯಿಸೋ ಮಾತು. ನನ್ನ ಮೊದಲ 1911 ವಿಷಯದಲ್ಲಿ ಅರ್ಧ ತಪ್ಪು ಬೆಲ್ಟಿಂದು ಅಂತ ಈಗ ಅನ್ಸುತ್ತೆ.

ನಾನು ಎಚ್-1ಬಿ ವೀಸಾದಲ್ಲಿದ್ದೀನಿ, ತಗೋಬಹುದಾ?

ಇದನ್ನ ಫ್ರೇಮಿಗಿಂತ ಮೊದಲು ಕೇಳ್ಬೇಕಿತ್ತು. ನಾನ್-ಇಮಿಗ್ರಂಟ್ ವೀಸಾದಲ್ಲಿ ಇರೋರು ಗನ್ನು ಗುಂಡು ಇಟ್ಕೊಳ್ಳೋದು ಫೆಡರಲ್ ಕಾನೂನಲ್ಲಿ ಸಾಮಾನ್ಯವಾಗಿ ಅಪರಾಧ, ಹಂಟಿಂಗ್ ಲೈಸೆನ್ಸ್ ಇರೋರಿಗೆ ಅನ್ನೋ ತರದ ಕೆಲವು ವಿನಾಯಿತಿ ಇದೆ. ಸ್ನೇಹಿತ ಕರೆದ ಅಂತ ರೇಂಜಿಗೆ ಹೋಗೋ ಮುಂಚೆಯೂ ವಕೀಲರನ್ನ ಕೇಳಿ, ನಿಮ್ಮ ಇಡೀ ಇಮಿಗ್ರೇಷನ್ ಫೈಲು ಇದರ ಮೇಲೆ ನಿಂತಿರುತ್ತೆ. ಗ್ರೀನ್ ಕಾರ್ಡ್ ಇರೋರು ತಗೋಬಹುದು. ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರಿಂದ ಪರ್ಮಿಟ್ ಇಲ್ಲದೆಯೂ ಕ್ಯಾರಿ ಮಾಡೋ ಕಾನೂನು ಬಂದಿದೆ, ಆದ್ರೂ ನಾನು ಎಲ್ಲರಿಗೂ ಹೇಳೋದು ಎಲ್‌ಟಿಸಿ (ಲೈಸೆನ್ಸ್ ಟು ಕ್ಯಾರಿ) ಕ್ಲಾಸ್ ಮಾಡಿ ಲೈಸೆನ್ಸ್ ತಗೊಳ್ಳಿ ಅಂತ, ಕಾನೂನಾದ್ರೂ ಕಲೀತೀರ, ಬೇರೆ ರಾಜ್ಯಕ್ಕೆ ಹೋದಾಗಲೂ ಬೇಕಾಗುತ್ತೆ.

ಊರಲ್ಲಿ ಲೈಸೆನ್ಸ್ ಇರೋ ನಮ್ಮ ಮಾವನಿಗೆ ಇದು ಅನ್ವಯ ಆಗುತ್ತಾ?

ಲೆಕ್ಕ ಅದೇ, ಆಯ್ಕೆ ಬೇರೆ. ಭಾರತದಲ್ಲಿ 9 ಎಂಎಂ ಪ್ರೊಹಿಬಿಟೆಡ್ ಬೋರ್, ಅಂದ್ರೆ ಸಾಮಾನ್ಯ ಜನಕ್ಕೆ ನಿಷೇಧಿಸಿದ ಅಳತೆ, ಸಾಮಾನ್ಯ ಲೈಸೆನ್ಸಿಗೆ ಸಿಗೋದು ಹೆಚ್ಚಾಗಿ .32. ಇಶಾಪುರದ ರೈಫಲ್ ಫ್ಯಾಕ್ಟರೀಲಿ ಮಾಡೋ ಸ್ಟೀಲ್ ಫ್ರೇಮಿನ 9 ಎಂಎಂ ಪಿಸ್ತೂಲು, ಬ್ರೌನಿಂಗ್ ಹೈ ಪವರಿನ ಮಾದರಿಯದು, ಸೇನೆ ಪೊಲೀಸರಿಗೆ. ಕಾನ್‌ಪುರದ ಆರ್ಡನೆನ್ಸ್ ಫ್ಯಾಕ್ಟರಿ 2014ರಲ್ಲಿ ನಿರ್ಭೀಕ್ ಅಂತ ಹೆಂಗಸರಿಗೆ ಅಂತಲೇ .32 ರಿವಾಲ್ವರ್ ತಂತು, ಟೈಟೇನಿಯಂ ಅಲಾಯಿಂದು, 500 ಗ್ರಾಂ, ಆಗಿನ ಬೆಲೆ ಒಂದು ಲಕ್ಷ ಇಪ್ಪತ್ತೆರಡು ಸಾವಿರ ದಾಟಿತ್ತು. .32 ಮೆತ್ತನೆಯ ಗುಂಡು, ಹಾಗಾಗಿ ಅಷ್ಟು ಹಗುರ ಇದ್ರೂ ಕೈಗೆ ಅಂಥ ಪೆಟ್ಟಿಲ್ಲ, ಚಿಕ್ಕದಕ್ಕೆ ಸ್ಟೀಲು ಅನ್ನೋ ನನ್ನ ಮಾತು ಅಲ್ಲಿ ಅಷ್ಟು ನಡೆಯಲ್ಲ. ಕೊಡವರಿಗೂ ಜಮ್ಮಾ (ಕೊಡಗಿನ ಹಳೇ ಪದ್ಧತಿಯ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ 2029ರ ತನಕ ಇದೆ, ಉಳಿದವರು ಡಿಸಿ ಆಫೀಸು, ಬೆಂಗಳೂರಲ್ಲಾದ್ರೆ ಪೊಲೀಸ್ ಕಮಿಷನರ್ ಆಫೀಸು. ಇಲ್ಲಿಂದ ನಿಮ್ಮ ಗನ್ ಊರಿಗೆ ತಗೊಂಡು ಹೋಗೋ ಯೋಚನೆ, ಗುಂಡಿನ ಖಾಲಿ ಕೇಸನ್ನೂ ಬ್ಯಾಗಲ್ಲಿ ಮರೆತು ಏರ್‌ಪೋರ್ಟಿಗೆ ಹೋಗೋದು, ಎರಡೂ ಬೇಡ. ರೇಂಜಿಗೆ ತಗೊಂಡು ಹೋಗೋ ಬ್ಯಾಗನ್ನ ಪ್ರಯಾಣಕ್ಕೆ ಬಳಸಲೇಬೇಡಿ.

ಮನೇಲಿ ಚಿಕ್ಕ ಮಕ್ಕಳಿದ್ದಾರೆ.

ಹಾಗಿದ್ರೆ ಮೊದಲು ಲಾಕ್‌ಬಾಕ್ಸು, ಆಮೇಲೆ ಗನ್ನು. ಸೊಂಟದಲ್ಲಿ ಇಲ್ಲದ ಹೊತ್ತಲ್ಲಿ ಅದು ಬೀಗದೊಳಗೇ ಇರಬೇಕು, ಬೀರು ಮೇಲೆ, ದಿಂಬಿನ ಕೆಳಗೆ, ಕಾರಿನ ಡ್ಯಾಶ್‌ಬೋರ್ಡಲ್ಲಿ ಯಾವತ್ತೂ ಅಲ್ಲ. ನಾನು ಅಲಾಯ್ ಕಡೆ ವಾಲೋದಕ್ಕೆ ಇದೂ ಒಂದು ಕಾರಣ, ಹಗುರ ಇದ್ರೆ ಸೋಫಾ ಮೇಲೆ ಕೂರುವಾಗ ತೆಗೆದಿಡೋಣ ಅನ್ಸಲ್ಲ, ತೆಗೆದಿಡೋದು ಕಮ್ಮಿ ಆದಷ್ಟೂ ಮರೆಯೋದು ಕಮ್ಮಿ.

ತಗೊಳ್ಳೋ ಮುಂಚೆ ಪರೀಕ್ಷೆ ಮಾಡೋದು ಹೇಗೆ?

ಬಾಡಿಗೆ ಗನ್ ಕೊಡೋ ರೇಂಜಿಗೆ ಹೋಗಿ ಒಂದೇ ಸೈಜಿನ ಸ್ಟೀಲು ಅಲಾಯ್ ಎರಡನ್ನೂ ತಗೊಳ್ಳಿ, ಗುಂಡು ಒಂದೇ ಬ್ರ್ಯಾಂಡಿಂದು. ಮೊದಲ ಹತ್ತು ಗುಂಡಲ್ಲಿ ತೀರ್ಮಾನ ಮಾಡ್ಬೇಡಿ, ಎಲ್ಲಾ ಚೆನ್ನಾಗೇ ಇರುತ್ತೆ. ಒಂದೊಂದರಲ್ಲೂ ಐವತ್ತು ಹೊಡೆದು ಕೊನೆಯ ಹತ್ತರ ಗುಂಪು ನೋಡಿ, ಅಲಾಯ್ ಗುಂಪು ಸ್ಟೀಲಿಗಿಂತ ಸ್ವಲ್ಪ ಅಗಲ ಇದ್ರೆ ಪರವಾಗಿಲ್ಲ, ಎರಡರಷ್ಟಾದ್ರೆ ಆ ಗನ್ ನಿಮಗೆ ಹಗುರ ಜಾಸ್ತಿ ಆಯ್ತು. ಇನ್ನು ತೂಕಕ್ಕೆ, ಮನೇಲಿ ಒಂದು ಕೆಜಿ ಉಪ್ಪಿನ ಪ್ಯಾಕೆಟ್ ಬಟ್ಟೇಲಿ ಕಟ್ಟಿ ಬೆಲ್ಟಿಗೆ ಬಲಗಡೆ ಸಿಕ್ಕಿಸಿ ಶನಿವಾರ ಬೆಳಗ್ಗಿಂದ ರಾತ್ರಿ ಊಟದ ತನಕ ಇಟ್ಕೊಳ್ಳಿ, ಭಾನುವಾರ ಇನ್ನೂರು ಗ್ರಾಂ ಉಪ್ಪು ತೆಗೆದು ಅದೇ ಮಾಡಿ. ಸೋಮವಾರ ಬೆಳಗ್ಗೆ ಅಂಗಡಿಗೆ ಹೋಗಿ.